ಬ್ರೇಕ್ ವ್ಯಾನ್ ಗೇಜ್‌ನಲ್ಲಿ 4.8 ಕಂಡ್ರೆ ಸಾಕಾ? ಗೂಡ್ಸ್ ಗಾಡಿಯ ಕಂಟಿನ್ಯುಯಿಟಿ ಟೆಸ್ಟ್ ಬಗ್ಗೆ

ಗುಂತಕಲ್ ಎಎಲ್‌ಪಿ
ಎಲ್ಲರಿಗೂ ನಮಸ್ಕಾರ. ನಾನು ಎಎಲ್‌ಪಿ, ಅಂದ್ರೆ ಅಸಿಸ್ಟೆಂಟ್ ಲೋಕೋ ಪೈಲಟ್. ಪುಸ್ತಕ ಇಂಗ್ಲಿಷಿನಾಗೆ, ಕ್ಲಾಸು ತೆಲುಗಿನಾಗೆ. ಕನ್ನಡದಾಗೆ ಯಾರನ್ನಾದ್ರೂ ಕೇಳಿದ್ರೆ ಸರಿಯಾಗಿ ತಲೆಗೆ ಹೋಗ್ತೈತೆ ಅಂತ ಇಲ್ಲಿ ಹಾಕ್ತಿದೀನಿ.

ಗೂಡ್ಸ್ ರೇಕಿಗೆ (ಕೂಡಿಸಿದ ವ್ಯಾಗನ್ ಸಾಲಿಗೆ) ಲೋಕೋ ಬದಲಾಯ್ತು ಅನ್ಕೊಳ್ಳಿ. ಹೋಸ್ ಜೋಡಿಸಿ ಚಾರ್ಜ್ ಮಾಡಿದ್ವಿ. ಲೋಕೋದಲ್ಲಿ ಬಿಪಿ (ಬ್ರೇಕ್ ಪೈಪ್ ಒತ್ತಡ) ಚದರ ಸೆಂ.ಮೀ.ಗೆ 5.0 ಕೆಜಿ, ಹಿಂದೆ ಬ್ರೇಕ್ ವ್ಯಾನ್‌ನಲ್ಲಿ 4.8 ಅಂತ ವಾಕಿಟಾಕಿಯಲ್ಲಿ ಹೇಳಿದ್ರು. ಗಾಳಿ ಕೊನೆ ತನಕ ಹೋಗೈತೆ ಅಂತ ಅಷ್ಟಕ್ಕೇ ಗೊತ್ತಾಗಲ್ವಾ? ಮತ್ತೆ ಕಂಟಿನ್ಯುಯಿಟಿ ಟೆಸ್ಟ್ ಅಂತ ಮುಂದಿನಿಂದ ಒಂದ್ಸಲ, ಹಿಂದಿನಿಂದ ಒಂದ್ಸಲ ಒತ್ತಡ ಯಾಕೆ ಬೀಳಿಸಬೇಕು? ಹಂಗೇ ಲೀಕೇಜ್ ನೋಡೋದು, ಬ್ರೇಕ್ ಪವರ್ ಶೇಕಡಾ ಲೆಕ್ಕ ಹಾಕೋದು, ಇವನ್ನೂ ಬಿಡಿಸಿ ಹೇಳಿದ್ರೆ ಉಪಕಾರ ಆಗ್ತೈತೆ.

ಆದೋನಿ ಗೂಡ್ಸ್ ಎಲ್‌ಪಿ
ತಮ್ಮಾ, 4.8 ಅಂದ್ರೆ ಹಿಂದೆ ಗಾಳಿ *ಐತೆ* ಅಂತ ಅಷ್ಟೇ. ಅದು ಈಗ ನಿನ್ನ ಲೋಕೋದಿಂದ ಹೋದ ಗಾಳಿನಾ, ಹಳೆ ಲೋಕೋ ಬಿಟ್ಟು ಹೋದ ಗಾಳಿನಾ ಅಂತ ಗೇಜ್ ಹೇಳಲ್ಲ.

ಯಾರ್ಡಿನಲ್ಲಿ ನಡುವೆ ಒಂದು ವ್ಯಾಗನ್ ತೆಗೆದು ಮತ್ತೆ ಕೂಡಿಸಿದ್ರು, ಎರಡೂ ಕಡೆ ಆಂಗಲ್ ಕಾಕ್ (ಪೈಪಿನ ತುದಿಯ ನಲ್ಲಿ) ಮುಚ್ಚಿದ್ದು ಹಂಗೇ ಉಳೀತು ಅನ್ಕೋ. ಹೋಸ್ ಜೋಡಿಸಿರ್ತಾರೆ, ನೋಡೋಕೆ ಎಲ್ಲ ಸರಿ. ಮುಂದಿನ ಅರ್ಧ ನಿನ್ನ ಕೈಯಾಗೆ ಐತೆ, ಹಿಂದಿನ ಅರ್ಧದಲ್ಲಿ ಹಳೆ ಒತ್ತಡ ಸಿಕ್ಕಿ ಹಾಕ್ಕೊಂಡೈತೆ. ನೀನು ಎ-9 (ಲೋಕೋದ ಬ್ರೇಕ್ ಹಿಡಿ) ಎಳೆದು ಬಿಪಿ ಇಳಿಸಿದ್ರೆ ಮುಂದಿನ ವ್ಯಾಗನ್‌ಗಳಲ್ಲಿ ಮಾತ್ರ ಬ್ರೇಕ್ ಹಿಡೀತೈತೆ. ಹಿಂದಿನವು ಬಂದು ಮುಂದಿನದನ್ನ ತಳ್ತಾವೆ.

ಬಿಪಿ ಒತ್ತಡ *ಕಮ್ಮಿ ಆದಾಗ* ತಾನೇ ಬ್ರೇಕ್ ಹಿಡಿಯೋದು. ಹಂಗಾಗಿ ಟೆಸ್ಟಲ್ಲಿ ನೋಡಬೇಕಾದ್ದು ಒತ್ತಡ ಎಷ್ಟೈತೆ ಅಂತಲ್ಲ, ಇಲ್ಲಿ ಇಳಿಸಿದ್ರೆ ಅಲ್ಲಿ ಇಳೀತೈತಾ, ಇಲ್ಲಿ ಏರಿಸಿದ್ರೆ ಅಲ್ಲಿ ಏರ್ತೈತಾ ಅಂತ.

ಕ್ರಮ ಹಿಂಗೆ. ಲೋಕೋ ಕೂಡಿಸಿದ ಮೇಲೆ ಸಿಬಿಸಿ (ಗಾಡಿ ಕೂಡಿಸೋ ಕೊಂಡಿ) ಲಾಕ್ ಬಿದ್ದೈತಾ ನೋಡಿ ಸ್ವಲ್ಪ ಎಳೆದು ಖಾತ್ರಿ ಮಾಡ್ಕೋಬೇಕು. ಹೋಸ್ ಸಿಕ್ಕಿಸೋ ಮುಂಚೆ ಲೋಕೋ ಕಡೆಯ ಆಂಗಲ್ ಕಾಕ್ ಕ್ಷಣ ಹೊತ್ತು ತೆಗೆದು ಪೈಪಿನಲ್ಲಿರೋ ನೀರು, ಧೂಳು ಊದಿ ಹೊರಗೆ ಹಾಕಬೇಕು. ಇದನ್ನ ಬಿಟ್ಟರೆ ಆ ಕಸ ಸೀದಾ ರೇಕಿನ ಡಸ್ಟ್ ಕಲೆಕ್ಟರ್‌ಗೆ, ಅಲ್ಲಿಂದ ಡಿವಿಗೆ (ಡಿಸ್ಟ್ರಿಬ್ಯೂಟರ್ ವಾಲ್ವ್, ಬಿಪಿ ಇಳಿದಾಗ ವ್ಯಾಗನ್ನಿಗೆ ಬ್ರೇಕ್ ಹಾಕೋದು ಅದೇ). ಬಿಪಿಗೆ ಹಸಿರು ಬಣ್ಣ, ಎಫ್‌ಪಿಗೆ (ಫೀಡ್ ಪೈಪ್, ಟ್ವಿನ್ ಪೈಪ್ ರೇಕಲ್ಲಿ ಇರೋ ಎರಡನೇ ಗಾಳಿ ಪೈಪ್) ಬಿಳಿ. ಬಣ್ಣ ಮಾಸಿ ಹೋಗಿದ್ರೆ ಪೈಪಿನ ಹಾದಿ ನೋಡಿ ಗುರ್ತು ಹಿಡಿ. ಆಮೇಲೆ ಕಾಕ್ ನಿಧಾನಕ್ಕೆ ತೆಗೀಬೇಕು. ಹಿಡಿ ಪೈಪಿನ ಉದ್ದಕ್ಕೆ ಇದ್ರೆ ತೆರೆದೈತೆ, ಅಡ್ಡ ಇದ್ರೆ ಮುಚ್ಚೈತೆ.

ಚಾರ್ಜ್ ಆಗಿ ಏರ್‌ಫ್ಲೋ ಮೀಟರ್ (ಬಿಪಿಗೆ ಎಷ್ಟು ಗಾಳಿ ಹೋಗ್ತೈತೆ ಅಂತ ತೋರಿಸೋದು) ಮುಳ್ಳು ಒಂದು ಕಡೆ ನಿಂತ ಮೇಲೆ ಎಲ್‌ಪಿ ಬಿಪಿಯನ್ನ 1 ಕೆಜಿ ಇಳಿಸಿ 4.0ಗೆ ತರ್ತಾರೆ. ಹಿಂದಿನ ಗೇಜ್ ಕೂಡ ಇಳೀಬೇಕು. ರಿಲೀಸ್ ಮಾಡಿದ್ರೆ ಮತ್ತೆ ಏರಬೇಕು. ಆಮೇಲೆ ಹಿಂದಿನಿಂದ ಟ್ರೈನ್ ಮ್ಯಾನೇಜರ್ (ಗಾರ್ಡ್) ಎಮರ್ಜೆನ್ಸಿ ವಾಲ್ವ್ ತೆಗೆದ್ರೆ ಲೋಕೋ ಗೇಜ್ ಬೀಳಬೇಕು, ಏರ್‌ಫ್ಲೋ ಎದ್ದು ಅಲಾರಂ ಬರಬೇಕು. ಇಷ್ಟೂ ಆದ್ರೆನೇ ಪೈಪ್ ಒಂದೇ ಅಂತ ಅರ್ಥ.

ಹೋಟಗಿ ಸಿ ಆ್ಯಂಡ್ ಡಬ್ಲ್ಯು
ನಾ ವ್ಯಾಗನ್ ಪರೀಕ್ಷಾ, ರಿಪೇರಿ ಮಾಡೋ ಸಿ ಆ್ಯಂಡ್ ಡಬ್ಲ್ಯು (ಕ್ಯಾರೇಜ್ ಆ್ಯಂಡ್ ವ್ಯಾಗನ್) ವಿಭಾಗದಾಂವ. ಆದೋನಿಯವರು ಹೇಳಿದ್ದು ಖರೇ ಅದ, ಆದ್ರ ಒಂದು ಸಣ್ಣ ಮಾತು ಸೇರಸ್ತೀನ್ರಿ. ಆಂಗಲ್ ಕಾಕ್‌ನಾಗ ಒಂದು ಸಣ್ಣ ತೂತು ಇರ್ತದ. ಕಾಕ್ ಮುಚ್ಚಿದಾಗ ಹೋಸಿನ ಕಡೀ ಗಾಳಿ ಆ ತೂತಿನಿಂದ ಹೊರಗ ಹೋಗ್ತದ, ಹೋಸ್ ಬಿಚ್ಚೋ ಹುಡುಗನ ಕೈಗೆ ಪೆಟ್ಟು ಬೀಳಬಾರದು ಅಂತ.

ಅಂದ್ರ *ಒಂದೇ* ಕಾಕ್ ಮುಚ್ಚಿದ್ರ ಸಾಮಾನ್ಯವಾಗಿ ಅದು ತಾನೇ ಗೊತ್ತಾಗ್ತದ. ಮುಂದಿನ ವ್ಯಾಗನ್ನಿನ ಹಿಂಬದಿ ಕಾಕ್ ಮುಚ್ಚಿದ್ರ ಹಿಂದಿನ ಭಾಗದ ಗಾಳಿ ಎಲ್ಲಾ ಆ ತೂತಿನಿಂದ ಸೋರಿ ಬ್ರೇಕ್ ಹಿಡೀತದ. ಹಿಂದಿನ ವ್ಯಾಗನ್ನಿನ ಮುಂಬದಿ ಕಾಕ್ ಮುಚ್ಚಿದ್ರ ಲೋಕೋದ ಗಾಳಿ ಸುಮ್ಮನ ಸೋರಕೋತ ಇರ್ತದ, ಏರ್‌ಫ್ಲೋ ಕೆಳಗ ಇಳಿಯೂದಿಲ್ಲ. ಮೋಸ ಮಾಡೂದು ಎರಡು ಪ್ರಸಂಗ: ಎರಡೂ ಕಾಕ್ ಮುಚ್ಚಿದ್ದು, ಇಲ್ಲಂದ್ರ ಆ ತೂತು ಬಣ್ಣ, ಗ್ರೀಸು, ಸಿಮೆಂಟ್ ಧೂಳಿನಿಂದ ಮುಚ್ಚಿ ಹೋಗಿದ್ದು. ಸಿಮೆಂಟ್ ರೇಕಿನಾಗ ಎರಡನೇದು ಭಾಳ. ಹೋಸ್ ಒಳಗಿನ ರಬ್ಬರ್ ಪದರ ಕಿತ್ತು ಮಡಚಿಕೊಂಡ್ರೂ ಹಿಂಗ ಆಗ್ತದ, ಹೊರಗಿನಿಂದ ನೋಡಿದ್ರ ಏನೂ ಕಾಣೂದಿಲ್ಲ.

ಗುಂತಕಲ್ ಎಎಲ್‌ಪಿ
ಈ ತೂತಿನ ವಿಷಯ ಕ್ಲಾಸಲ್ಲಿ ಯಾರೂ ಹೇಳಲಿಲ್ಲ! ಹಂಗಾದ್ರೆ ಸಿಕ್ಕಿಬಿದ್ದ ಗಾಳಿ ಎಷ್ಟೊತ್ತು ನಿಲ್ತೈತೆ? ಹಿಂದೆ ಲೀಕ್ ಇದ್ರೆ ಗೇಜ್ ತಾನೇ ಇಳೀತೈತಲ್ಲ?

ಹೊಸೂರು ಟ್ರೈನ್ ಮ್ಯಾನೇಜರ್
ಇಳಿಯುತ್ತೆ, ಆದರೆ ನೀವು ಸ್ಟಾರ್ಟರ್ ಸಿಗ್ನಲ್ ದಾಟೋದರೊಳಗೆ ಇಳಿಯುತ್ತೆ ಅಂತ ಹೇಳೋಕಾಗಲ್ಲ. ಒಳ್ಳೆ ಸ್ಥಿತಿಯಲ್ಲಿರೋ ಡಜನ್ ವ್ಯಾಗನ್ ಹಿಂದೆ ಉಳಿದಿದ್ದರೆ ಬಹಳ ಹೊತ್ತು ಹಿಡಿದುಕೊಂಡಿರುತ್ತೆ.

ಹಿಂದಿನ ಕಡೆಯಿಂದ ನೋಡುವವರಿಗೆ ಎರಡು ಮಾತು. ಗೇಜ್ ಓದಿ ಹೇಳುವಾಗ "ಓಕೆ" ಅನ್ನಬೇಡಿ, ಅಂಕಿ ಹೇಳಿ. "ಬಿಪಿ 4.8, ಈಗ 3.8, ಈಗ ಮತ್ತೆ 4.8." ಎಲ್‌ಪಿ ಇಳಿಸಿದ್ದಕ್ಕೂ ನಿಮ್ಮ ಗೇಜ್ ಇಳಿಯೋದಕ್ಕೂ ನಡುವೆ ಕೆಲವು ಸೆಕೆಂಡ್ ತಡ ಇರುತ್ತೆ, ಉದ್ದದ ರೇಕಿನಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಆ ತಡವನ್ನ ಗಮನಿಸ್ತಾ ಇದ್ದರೆ ಪೈಪಿನಲ್ಲಿ ಅರ್ಧ ಕಟ್ಟಿಕೊಂಡ ಜಾಗ ಇದೆಯಾ ಅನ್ನೋ ಅಂದಾಜು ಸಿಗುತ್ತೆ.

ಇನ್ನೊಂದು, ಟೆಸ್ಟ್ ಮುಗಿದ *ಮೇಲೆ* ಯಾರಾದರೂ ಹೋಸ್ ಬಿಚ್ಚಿ ಜೋಡಿಸಿದರೆ, ಒಂದು ವ್ಯಾಗನ್ ತೆಗೆದರೆ, ಲೋಕೋ ಬದಲಾದರೆ ಮೊದಲಿನ ಟೆಸ್ಟ್ ಸತ್ತ ಹಾಗೆ. ಮತ್ತೆ ಮಾಡಲೇಬೇಕು. "ಈಗ ತಾನೆ ಮಾಡಿದೀವಿ ಸಾರ್" ಅನ್ನೋ ಮಾತಿಗೆ ಅಲ್ಲಿ ಬೆಲೆ ಇಲ್ಲ.

56 ಬಾಕ್ಸ್‌ಎನ್ (ಮೇಲೆ ತೆರೆದ ವ್ಯಾಗನ್) ತನಕದ ಲೋಡಿಗೆ ಹಿಂದೆ ಬಿಪಿ 4.8, ಅದಕ್ಕಿಂತ ಉದ್ದ ಇದ್ದರೆ 4.7. ಟ್ವಿನ್ ಪೈಪ್ ಆದರೆ ಎಫ್‌ಪಿ ಮುಂದೆ 6.0, ಹಿಂದೆ 5.8.

ಆದೋನಿ ಗೂಡ್ಸ್ ಎಲ್‌ಪಿ
ಲೀಕೇಜ್ ಬಗ್ಗೆ ಕೇಳಿದ್ದೆಯಲ್ಲ. ಪೂರ್ತಿ ಚಾರ್ಜ್ ಆಗೋ ಮುಂಚೆ ಲೀಕ್ ಅಳೆದ್ರೆ ತಪ್ಪು ಅಂಕಿ ಬರ್ತೈತೆ. ಯಾಕಂದ್ರೆ ಆಗ ವ್ಯಾಗನ್‌ಗಳ ಆಕ್ಸಿಲರಿ ರಿಸರ್ವಾಯರ್‌ಗಳು (ಬ್ರೇಕ್ ಹಾಕೋ ಗಾಳಿ ಇಟ್ಕೊಳ್ಳೋ ಟ್ಯಾಂಕ್) ಇನ್ನೂ ಗಾಳಿ ಕುಡೀತಾ ಇರ್ತಾವೆ, ಅದು ಲೀಕ್ ಥರ ಕಾಣ್ತೈತೆ.

ಲೆಕ್ಕ ನೋಡು. ಗೂಡ್ಸ್ ವ್ಯಾಗನ್ನಿನ ಆಕ್ಸಿಲರಿ ರಿಸರ್ವಾಯರ್ 100 ಲೀಟರ್. 58 ವ್ಯಾಗನ್ ಅಂದ್ರೆ 5,800 ಲೀಟರ್ ಜಾಗ. ಸಿಂಗಲ್ ಪೈಪಿನಲ್ಲಿ ಅದನ್ನ ಸೊನ್ನೆಯಿಂದ 5 ಕೆಜಿಗೆ ತುಂಬಬೇಕಂದ್ರೆ ಹೊರಗಿನ ಗಾಳಿ ಲೆಕ್ಕದಲ್ಲಿ 29,000 ಲೀಟರ್ ಹತ್ತಿರ. ಡಬ್ಲ್ಯುಎಜಿ-7 ಲೋಕೋದಲ್ಲಿ ನಿಮಿಷಕ್ಕೆ 1000 ಲೀಟರಿನ ಮೂರು ಕಂಪ್ರೆಸರ್. ಮೂರೂ ಒಂದೇ ಸಮ ಓಡಿದ್ರೂ ಹತ್ತು ನಿಮಿಷ ಬೇಕು, ಅದು ಪೈಪಿನ ಗಾಳಿ, ಲೀಕು, ಡಿವಿಯ ಸಣ್ಣ ಚೋಕು ಯಾವುದನ್ನೂ ಸೇರಿಸದೆ. ಗಾಳಿ ಖಾಲಿಯಾದ ರೇಕಿಗೆ ಐದು ನಿಮಿಷದಲ್ಲಿ "ಚಾರ್ಜ್ ಆಯ್ತು" ಅಂದ್ರೆ ನಂಬಬೇಡ.

ಅಳೆಯೋದು ಹೆಂಗೆ ಅಂದ್ರೆ, ಬಿಪಿ 5ರಿಂದ 4ಕ್ಕೆ ಇಳಿಸು, ಮುಳ್ಳು ನಿಲ್ಲೋ ತನಕ ಕಾಯಿ. ಆಮೇಲೆ ಲೋಕೋದಿಂದ ಬಿಪಿಗೆ ಗಾಳಿ ಹೋಗೋ ಕಾಕ್ ಮುಚ್ಚಿ ಒಂದು ನಿಮಿಷ ಗಡಿಯಾರ ನೋಡು. ಯಾವ ಕಾಕ್ ಅನ್ನೋದು ಲೋಕೋ ನಮೂನೆ ಮೇಲೆ ಬದಲಾಗ್ತೈತೆ, ನಿನ್ನ ಶೆಡ್ಡಿನ ಟ್ರಬಲ್‌ಶೂಟಿಂಗ್ ಪುಸ್ತಕ ನೋಡ್ಕೋ. ಗೂಡ್ಸಿಗೆ ನಿಮಿಷಕ್ಕೆ 0.25 ಕೆಜಿಗಿಂತ ಜಾಸ್ತಿ ಬೀಳಬಾರದು. ಮುಗಿದ ಮೇಲೆ ಕಾಕ್ ತೆಗೆಯೋದು ಮರೀಬೇಡ, ಇಲ್ಲಾಂದ್ರೆ ರಿಲೀಸ್ ಆಗಲ್ಲ ಅಂತ ಒದ್ದಾಡ್ತೀಯ.

ಕಾಸರಗೋಡು ಮೇಲ್ ಎಲ್‌ಪಿ
ಆ 0.25 ಗೂಡ್ಸಿಗೆ ಮಾತ್ರ ಆಯ್ತಾ. ಕೋಚಿಂಗಿಗೆ ನಿಮಿಷಕ್ಕೆ 0.2. ನಮ್ಮ ಕಡೆ ಮಂಗಳೂರಿನಿಂದ ಗೂಡ್ಸೂ ಹೋಗ್ತದೆ, ಪ್ಯಾಸೆಂಜರೂ ಹೋಗ್ತದೆ, ಹಾಗಾಗಿ ಹೊಸಬರಿಗೆ ಎರಡೂ ಕಲಸಿಹೋಗ್ತದೆ.

ಈ ಮಿತಿಯ ಹಿಂದೆ ಒಂದು ಕಾರಣ ಉಂಟು ಮಾರಾಯ್ರೆ. ಡಿಸ್ಟ್ರಿಬ್ಯೂಟರ್ ವಾಲ್ವ್ ಸಣ್ಣ ಲೀಕಿಗೆಲ್ಲ ಬ್ರೇಕ್ ಹಾಕಬಾರದು, ಆದರೆ ಎಲ್‌ಪಿ ಇಳಿಸಿದ್ದಕ್ಕೆ ತಕ್ಷಣ ಹಾಕಬೇಕು. ಹಾಗಾಗಿ ಅದನ್ನು ಎರಡು ರೀತಿಯಲ್ಲಿ ಪರೀಕ್ಷೆ ಮಾಡ್ತಾರೆ. ಬಿಪಿ 60 ಸೆಕೆಂಡಿನಲ್ಲಿ 0.3 ಕೆಜಿ ಇಳಿದರೆ ಅದು ಸುಮ್ಮನೆ ಇರಬೇಕು, 6 ಸೆಕೆಂಡಿನಲ್ಲಿ 0.6 ಇಳಿದರೆ ಕೆಲಸ ಮಾಡಬೇಕು. ರೇಕಿನ ಲೀಕು 0.3ರ ಹತ್ತಿರ ಹೋದರೆ ಲೋಕೋ ಗಾಳಿ ಕೊಡುವುದು ಸ್ವಲ್ಪ ತಡವಾದರೂ ಎಲ್ಲೋ ಒಂದು ವ್ಯಾಗನ್ನಿನಲ್ಲಿ ಬ್ರೇಕ್ ತನ್ನಷ್ಟಕ್ಕೆ ಹಿಡಿಯುವ ಅಪಾಯ ಬರ್ತದೆ.

ಸಮಯವೂ ಬೇರೆ. ಪ್ಯಾಸೆಂಜರ್ ಕೋಚಿನಲ್ಲಿ ಬ್ರೇಕ್ ಸಿಲಿಂಡರ್ 3ರಿಂದ 5 ಸೆಕೆಂಡಿಗೆ ತುಂಬ್ತದೆ, 15ರಿಂದ 20 ಸೆಕೆಂಡಿಗೆ ಬಿಡ್ತದೆ. ಗೂಡ್ಸಿನಲ್ಲಿ ತುಂಬಲಿಕ್ಕೆ 18ರಿಂದ 30, ಬಿಡ್ಲಿಕ್ಕೆ 45ರಿಂದ 60 ಸೆಕೆಂಡ್. ಪಿಸ್ಟನ್ ನೋಡುವವರು ಇದು ನೆನಪಿಟ್ಟುಕೊಳ್ಳಬೇಕು, ಬೇಗ ಹೋಗಿ ನೋಡಿ "ಈ ವ್ಯಾಗನ್ ಕೆಲಸ ಮಾಡ್ತಿಲ್ಲ" ಅಂತ ಬರೆದುಬಿಡ್ತಾರೆ.

ಹೋಟಗಿ ಸಿ ಆ್ಯಂಡ್ ಡಬ್ಲ್ಯು
ಬ್ರೇಕ್ ಪವರ್ ಲೆಕ್ಕ ಸರಳ ಅದ್ರಿ: ಕೆಲಸ ಮಾಡೋ ಸಿಲಿಂಡರ್ ಸಂಖ್ಯೆ, ಒಟ್ಟು ಸಿಲಿಂಡರ್‌ಗೆ ಭಾಗಿಸಿ ನೂರರಿಂದ ಗುಣಿಸಬೇಕು. ಹಳೇ ಬಾಕ್ಸ್‌ಎನ್ 58, ಅದರಾಗ ಮೂರು ಡಿವಿ ಐಸೋಲೇಟ್ (ಬಂದ್ ಮಾಡಿದ್ದು) ಅಂದ್ರ 55 ಭಾಗ 58, ಅಂದ್ರ 94.8. ಆದ್ರ ಬೋಗಿ ಮೌಂಟೆಡ್ ಬ್ರೇಕ್ ಇರೋ ವ್ಯಾಗನ್‌ನಾಗ ಒಂದೊಂದಕ್ಕ ಎರಡು ಸಿಲಿಂಡರ್, ಬೋಗಿಗೊಂದು. 58 ವ್ಯಾಗನ್ನಿಗೆ 116. ನಾಲ್ಕು ಕೆಲಸ ಮಾಡಲಿಲ್ಲಂದ್ರ 112 ಭಾಗ 116, 96.6. ವ್ಯಾಗನ್ ಎಣಿಸೋದು, ಸಿಲಿಂಡರ್ ಎಣಿಸೋದು ಬ್ಯಾರೆ ಬ್ಯಾರೆ, ಇಲ್ಲೇ ಹುಡುಗ್ರು ಎಡವತಾರ.

ಪರೀಕ್ಷಾ ಸ್ಟೇಶನ್ನಿನಿಂದ ಹೊರಡೂವಾಗ ಕ್ಲೋಸ್ ಸರ್ಕ್ಯೂಟ್ ರೇಕಿಗೆ 100, ಪ್ರೀಮಿಯಂಗೆ 95, ಎಂಡ್ ಟು ಎಂಡ್‌ಗೆ 90 ಇರಬೇಕು. ಬಿಪಿಸಿ (ಬ್ರೇಕ್ ಪವರ್ ಸರ್ಟಿಫಿಕೇಟ್) ಮ್ಯಾಲೆ ಯಾವ ನಮೂನಿ ರೇಕು ಅಂತ ಬರದಿರ್ತದ, ಮೊದಲು ಅದನ್ನ ಓದ್ರಿ. ವ್ಯಾಲಿಡಿಟಿ ಕಿಲೋಮೀಟರ್, ತಾರೀಕು, ವ್ಯಾಗನ್ ಸಂಖ್ಯೆ, ಐಸೋಲೇಟ್ ಮಾಡಿದ ವ್ಯಾಗನ್ನಿನ ನಂಬರು, ಇಷ್ಟನ್ನ ಗಾಡಿ ಎದುರು ಇಟ್ಟು ತಾಳೆ ನೋಡಬೇಕು. ಬರೇ ಸಹಿ ಹಾಕಿ ಜೇಬಿನಾಗ ಇಟ್ಟುಕೊಳ್ಳೋ ಕಾಗದ ಅಲ್ಲ ಅದು.

ಪಿಸ್ಟನ್ ಸ್ಟ್ರೋಕ್ ಕೂಡ ನೋಡ್ರಿ. ಹಳೇ ಬಾಕ್ಸ್‌ಎನ್ ಖಾಲಿ ಇದ್ದಾಗ 85 ಮಿ.ಮೀ. ಆಸುಪಾಸು, ಲೋಡಿನಾಗ 130, ಹತ್ತು ಹೆಚ್ಚು ಕಮ್ಮಿ. ಪಿಸ್ಟನ್ ಹೊರಗ ಬಂದದ ಅಂದ್ರ ಬ್ರೇಕ್ ಹಿಡದದ ಅಂತ ಅಲ್ಲ. ಸ್ಲ್ಯಾಕ್ ಅಡ್ಜಸ್ಟರ್ (ಬ್ಲಾಕಿಗೂ ಚಕ್ರಕ್ಕೂ ಇರೋ ಅಂತರ ಸರಿ ಇಡೋದು) ಕೆಟ್ಟು ಪಿಸ್ಟನ್ ತುದಿ ತನಕಾ ಬಂದ್ರ ಬ್ಲಾಕು ಚಕ್ರಕ್ಕ ಮುಟ್ಟಿದ್ರೂ ಒತ್ತೂದಿಲ್ಲ. ಬ್ಲಾಕಿಗೆ ಒಂದು ಸಲ ಕಾಲಿನಿಂದ ಒದ್ದು ನೋಡಿದ್ರ ತಿಳೀತದ. ಅಲ್ಲಾಡಿದ್ರ ಅದು ಕೆಲಸ ಮಾಡೋ ಸಿಲಿಂಡರ್ ಅಲ್ಲ.

ಎಂಪ್ಟಿ-ಲೋಡ್ ಹಿಡಿ ಕೈಯಿಂದ ತಿರುವೋ ವ್ಯಾಗನ್ ಇದ್ರ ಒಟ್ಟು ತೂಕ 42.5 ಟನ್ ದಾಟಿದ್ರ ಲೋಡಿಗೆ ಹಾಕಬೇಕು. ಖಾಲಿ ಗಾಡಿಗೆ ಲೋಡಿನಾಗ ಬಿಟ್ರ ಚಕ್ರ ಜಾರಿ ಫ್ಲ್ಯಾಟ್ (ಸವೆದು ಚಪ್ಪಟೆ ಆದ ಜಾಗ) ಬೀಳ್ತದ. ಗೂಡ್ಸಿಗೆ 60 ಮಿ.ಮೀ. ಮಿತಿ. ಲೋಡ್ ಗಾಡಿಗೆ ಎಂಪ್ಟಿಯಾಗ ಬಿಟ್ರ ಬ್ರೇಕೇ ಸಾಲೂದಿಲ್ಲ, ಅದಕ್ಕಿಂತ ಕೆಟ್ಟದ್ದು. ಇಳಿಸಿದ ಮ್ಯಾಲ ಹಿಡಿ ತಿರುವೋದು ಮರೀತಾರ, ಹೇರಿದ ಮ್ಯಾಲ ಇನ್ನೂ ಜಾಸ್ತಿ ಮರೀತಾರ.

ಗುಂತಕಲ್ ಎಎಲ್‌ಪಿ
ಇನ್ನೊಂದು. ಲೋಕೋ ಬದಲಾದ ಮೇಲೆ ಕೆಲವು ರೇಕಲ್ಲಿ ಏನೇ ಮಾಡಿದ್ರೂ ಬ್ರೇಕ್ ಬಿಡಲ್ಲ, ನಾಲ್ಕೈದು ವ್ಯಾಗನ್ ಹಿಡ್ಕೊಂಡೇ ಇರ್ತಾವೆ. ಗೇಜ್ 5.0 ಸರಿಯಾಗೇ ಇರ್ತೈತೆ. ಯಾಕೆ?

ಆದೋನಿ ಗೂಡ್ಸ್ ಎಲ್‌ಪಿ
ಓವರ್‌ಚಾರ್ಜ್. ಡಿವಿ ಒಳಗೆ 6 ಲೀಟರಿನ ಕಂಟ್ರೋಲ್ ರಿಸರ್ವಾಯರ್ ಅಂತ ಒಂದೈತೆ. ಅದು ಚಾರ್ಜ್ ಆದಾಗ ಬಿಪಿ ಎಷ್ಟಿತ್ತೋ ಅಷ್ಟನ್ನ ನೆನಪಿಟ್ಕೊಂಡು, ಬಿಪಿಯನ್ನ ಆ ಅಂಕಿ ಜೊತೆ ಹೋಲಿಸಿ ಬ್ರೇಕ್ ಹಾಕಬೇಕಾ ಬಿಡಬೇಕಾ ತೀರ್ಮಾನ ಮಾಡ್ತೈತೆ. ಹಳೆ ಲೋಕೋ 5.3 ಕೊಟ್ಟಿತ್ತು ಅನ್ಕೋ, ರೇಕಿನ ನೆನಪು 5.3. ನೀನು ಬಂದು 5.0 ಕೊಟ್ರೆ ಡಿವಿಗೆ 0.3 ಕಮ್ಮಿ ಕಾಣ್ತೈತೆ, "ಬ್ರೇಕ್ ಹಾಕಿದಾರೆ" ಅನ್ಕೊಳ್ತೈತೆ. ನಿನ್ನ ಗೇಜ್ ತಪ್ಪು ತೋರಿಸ್ತಾ ಇದ್ರೂ ಇದೇ ಗತಿ.

ಎ-9ರಲ್ಲಿ ಒತ್ತಡ ಏರಿಸಿ ಬಿಡಿಸೋ ಅಡ್ಡದಾರಿ ಹಿಡೀಬೇಡ, ತೊಂದರೆ ಮುಂದಿನ ಲೋಕೋಗೆ ದಾಟ್ತೈತೆ ಅಷ್ಟೇ. ಬಿಪಿ ಸರಿಯಾಗಿ 5.0 ಇಟ್ಟು, ಹಿಡಿದಿರೋ ವ್ಯಾಗನ್‌ಗಳ ಡಿವಿ ರಿಲೀಸ್ ಹಿಡಿ ಎಳೀಬೇಕು. ಕಂಟ್ರೋಲ್ ರಿಸರ್ವಾಯರ್ ಗಾಳಿ ಹೋಗ್ತೈತೆ, ಪಿಸ್ಟನ್ ಒಳಗೆ ಸರಿದು ಮತ್ತೆ 5.0ಗೆ ಹೊಂದ್ಕೊಳ್ತೈತೆ.

ಹೋಟಗಿ ಸಿ ಆ್ಯಂಡ್ ಡಬ್ಲ್ಯು
ಎಳೀರಿ, ಆದ್ರ ಲೋಕೋ ಕೂಡಿ ಬಿಪಿ ತುಂಬಿದ ಮ್ಯಾಲ ಮಾತ್ರ. ಕೆಲವು ಯಾರ್ಡಿನಾಗ ಲೋಕೋ ಬರೋಕಿಂತ ಮೊದಲ ಪೂರಾ ರೇಕಿಗೆ ಹಿಡಿ ಎಳಕೋತ ಹೋಗೋ ಚಾಳಿ ಅದ, ಟೈಮ್ ಉಳೀತದ ಅಂತ. ಬಿಪಿ ಸೊನ್ನೆ ಇದ್ದಾಗ ಹಿಡಿ ಎಳೆದ್ರ ಆ ವ್ಯಾಗನ್ನಿಗೆ ಗಾಳಿ ಬ್ರೇಕು ಪೂರ್ತಿ ಹೋತು. ಹ್ಯಾಂಡ್ ಬ್ರೇಕ್ ಇಲ್ಲಂದ್ರ ಆ ರೇಕು ತೇರಿನ ಹಂಗ, ಒಬ್ಬ ತಳ್ಳಿದ್ರ ಹೊಂಟುಬಿಡ್ತದ.

ಇನ್ನ ಎಳೆದ ಮ್ಯಾಲೂ ಬಿಡಲಿಲ್ಲಂದ್ರ ಮೊದಲ ಹ್ಯಾಂಡ್ ಬ್ರೇಕ್ ನೋಡ್ರಿ. ಅರ್ಧ ಬ್ರೇಕ್ ಬೈಂಡಿಂಗ್ ಕೇಸು ಅಲ್ಲೇ ಮುಗೀತಾವ. ಅದೂ ಅಲ್ಲಂದ್ರ ಡಿವಿ ಐಸೋಲೇಟ್ ಮಾಡಿ, ಆಕ್ಸಿಲರಿ ರಿಸರ್ವಾಯರಿನ ಡ್ರೇನ್ ತೆಗೆದು ಗಾಳಿ ಬಿಡಬೇಕು. ಪಿಸ್ಟನ್ ಒಳಗ ಹೋಗಿದ್ದು, ಬ್ಲಾಕು ಚಕ್ರದಿಂದ ಬಿಟ್ಟಿದ್ದು ಕಣ್ಣಾರೆ ನೋಡಿ, ನಂಬರು ಬಿಪಿಸಿ ಮ್ಯಾಲೆ ಬರೀಬೇಕು. ಡ್ರೇನ್ ಮಾಡದ ಬರೇ ಐಸೋಲೇಟ್ ಮಾಡಿದ್ರ ಒಳಗಿನ ಗಾಳಿ ಸಿಲಿಂಡರಿಗೆ ಮತ್ತ ಹೋಗೋ ಸಾಧ್ಯತಾ ಇರ್ತದ.

ಹೋಸ್ ಜಾಯಿಂಟಿನಾಗ ಲೀಕ್ ಇದ್ರ ವಾಷರ್ ಬದಲಿಸ್ರಿ. ಪ್ಲಾಸ್ಟಿಕ್ ಚೀಲ, ಚಿಂದಿ ಬಟ್ಟಿ ತುರಕಬ್ಯಾಡ್ರಿ, ಅದು ಒಳಗ ಸರಿದು ಮುಂದಿನ ಡಸ್ಟ್ ಕಲೆಕ್ಟರಿಗೆ ಕೂಡ್ತದ.

ಹೊಸೂರು ಟ್ರೈನ್ ಮ್ಯಾನೇಜರ್
ಸ್ಟೇಬಲ್ ಮಾಡೋ (ಗಾಡಿಯನ್ನ ನಿಲ್ಲಿಸಿಟ್ಟು ಹೋಗೋ) ವಿಷಯ ಬಂತು, ಅದಕ್ಕೇ ಇದನ್ನ ಹೇಳಿಬಿಡ್ತೀನಿ. 2024ರ ಫೆಬ್ರವರಿ 25ರಂದು ಜಮ್ಮುವಿನ ಕಥುವಾದಲ್ಲಿ ನಿಂತಿದ್ದ 53 ವ್ಯಾಗನ್ನಿನ ಜಲ್ಲಿ ಗಾಡಿ ಚಾಲಕರಿಲ್ಲದೆ ಇಳಿಜಾರಲ್ಲಿ ಹೊರಟು 70 ಕಿ.ಮೀ.ಗೂ ಹೆಚ್ಚು ಓಡಿ ಪಂಜಾಬಿನ ಊಂಚಿ ಬಸ್ಸಿ ಹತ್ತಿರ ನಿಂತಿತು. ಲೋಕೋ ಆಫ್ ಮಾಡಿದ ಮೇಲೆ ಗಾಳಿ ಬ್ರೇಕ್ ನಿಧಾನಕ್ಕೆ ಸೋರಿ ಬಿಡುತ್ತೆ. ಗಾಳಿ ಬ್ರೇಕ್ ಓಡೋ ಗಾಡಿ ನಿಲ್ಲಿಸೋಕೆ, ನಿಂತ ಗಾಡಿಯನ್ನ ಹಿಡಿದಿಡೋಕೆ ಅಲ್ಲ.

ನಿಲ್ಲಿಸಿದ ಮೇಲೆ ಜನರಲ್ ರೂಲ್ 5.23 ಮತ್ತು ಅದರ ಸಬ್ಸಿಡಿಯರಿ ರೂಲ್ ಪ್ರಕಾರ ಹ್ಯಾಂಡ್ ಬ್ರೇಕ್ ಬಿಗಿದು, ಸ್ಕಿಡ್ ಅಥವಾ ಮರದ ವೆಡ್ಜ್ ಇಟ್ಟು, ಚೈನ್ ಹಾಕಿ, ಸ್ಟೇಷನ್ ಮಾಸ್ಟರ್ ರಿಜಿಸ್ಟರ್‌ನಲ್ಲಿ ಬರೆಸಬೇಕು. ಎಷ್ಟು ವ್ಯಾಗನ್ನಿಗೆ ಬಿಗಿಯಬೇಕು ಅನ್ನೋದು ಆಯಾ ವಲಯದ ರೂಲಲ್ಲಿ, ಸ್ಟೇಷನ್ ವರ್ಕಿಂಗ್ ರೂಲಲ್ಲಿ ಇರುತ್ತೆ. ಹ್ಯಾಂಡ್ ಬ್ರೇಕ್ ಚಕ್ರ ತಿರುಗಿಸಿದರೆ ಸಾಲದು, ಬ್ಲಾಕ್ ಚಕ್ರಕ್ಕೆ ಒತ್ತಿದೆಯಾ ಬಗ್ಗಿ ನೋಡಿ. ಹಳೆ ವ್ಯಾಗನ್‌ಗಳಲ್ಲಿ ಸರಪಣಿ ತುಂಡಾಗಿ ಚಕ್ರ ಮಾತ್ರ ತಿರುಗ್ತಾ ಇರುತ್ತೆ.

ಲೋಡಿಂಗ್ ಅಥವಾ ಅನ್‌ಲೋಡಿಂಗ್ ಆಗಿ, ಸಿ ಆ್ಯಂಡ್ ಡಬ್ಲ್ಯು ಇಲ್ಲದ ಕಡೆಯಿಂದ ರೇಕ್ ತಗೊಂಡು ಹೋಗಬೇಕಾದರೆ ಎಲ್‌ಪಿ ಮತ್ತು ಟ್ರೈನ್ ಮ್ಯಾನೇಜರ್ ಸೇರಿ ಜಿಡಿಆರ್ ಚೆಕ್ ಮಾಡಬೇಕು. ಎಲ್ಲಾ ಸಿಬಿಸಿ ಲಾಕ್, ಹೋಸ್, ಕಾಕ್, ನೇತಾಡೋ ಬ್ರೇಕ್ ಗೇರ್, ಪಿನ್ನು ಕಾಟರು, ಬಾಗಿಲು, ಎಂಪ್ಟಿ-ಲೋಡ್ ಹಿಡಿ ನೋಡಿ ಬರೆದು ಇಬ್ಬರೂ ಸಹಿ ಹಾಕಬೇಕು. ಒಬ್ಬರು ಒಂದು ಪಕ್ಕ, ಇನ್ನೊಬ್ಬರು ಇನ್ನೊಂದು ಪಕ್ಕ ನಡೆದರೆ ಟೈಮ್ ಉಳಿಯುತ್ತೆ. ಅನ್‌ಲೋಡಿಂಗ್ ಸೈಡಿಂಗಿನಲ್ಲಿ ಜೆಸಿಬಿ ತಾಗಿ ಹೋಸ್ ಕಿತ್ತಿರೋದು, ಬಾಗಿಲು ಬಗ್ಗಿರೋದು ಸಾಮಾನ್ಯ.

ಕಾಸರಗೋಡು ಮೇಲ್ ಎಲ್‌ಪಿ
ನಿಂತಲ್ಲಿ ಎಷ್ಟೇ ಟೆಸ್ಟ್ ಮಾಡಿದ್ರೂ ಓಡುವಾಗ ಒಮ್ಮೆ ನೋಡಲೇಬೇಕು. ಹೊರಟ ಕೂಡಲೇ ಸುಮಾರು 15 ಕಿ.ಮೀ. ವೇಗದಲ್ಲಿ ಬ್ರೇಕ್ ಫೀಲ್ ಟೆಸ್ಟ್, ಆಮೇಲೆ ವೇಗ ಹಿಡಿದ ಮೇಲೆ ಬ್ರೇಕ್ ಪವರ್ ಟೆಸ್ಟ್. ಎಲ್ಲಿ, ಎಷ್ಟು ವೇಗದಲ್ಲಿ ಅಂತ ನಿಮ್ಮ ಸೆಕ್ಷನ್ನಿನ ವರ್ಕಿಂಗ್ ಟೈಮ್ ಟೇಬಲ್ಲಿನಲ್ಲಿ ಉಂಟು.

ಕಾಸರಗೋಡು ಕರಾವಳಿ ಲೈನು ಸಮತಟ್ಟು, ಅಲ್ಲಿ ದುರ್ಬಲ ಬ್ರೇಕೂ ಗೊತ್ತಾಗುವುದಿಲ್ಲ. ಅದೇ ರೇಕು ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಗೆ ಹೋದರೆ 50ಕ್ಕೆ 1ರ ಇಳಿಜಾರು, 55 ಕಿ.ಮೀ. ಉದ್ದ. ಕ್ಯಾಸಲ್ ರಾಕ್–ಕುಲೆಂ 37ಕ್ಕೆ 1. ಅಲ್ಲಿ ವೇಗ ಹಿಡಿದಿಡುವುದು ಮುಖ್ಯವಾಗಿ ಲೋಕೋದ ಮೋಟಾರಿನಿಂದಲೇ ಹಿಡಿಯುವ ಡೈನಾಮಿಕ್ ಅಥವಾ ರೀಜನರೇಟಿವ್ ಬ್ರೇಕು. ಗಾಳಿ ಬ್ರೇಕನ್ನು ಹಾಕಿ ಬಿಟ್ಟು, ಹಾಕಿ ಬಿಟ್ಟು ಮಾಡಿದರೆ ಸಿಂಗಲ್ ಪೈಪ್ ರೇಕಿನಲ್ಲಿ ಆಕ್ಸಿಲರಿ ರಿಸರ್ವಾಯರಿಗೆ ಮತ್ತೆ ತುಂಬಲು ಸಮಯವೇ ಸಿಗುವುದಿಲ್ಲ. ಮೂರನೇ ಸಲ ಹಾಕುವಾಗ ಗೇಜಿನಲ್ಲಿ ಎಲ್ಲ ಸರಿ ಕಾಣ್ತದೆ, ಸಿಲಿಂಡರಿಗೆ ಹೋಗುವ ಗಾಳಿ ಕಡಿಮೆ ಇರ್ತದೆ. ಟ್ವಿನ್ ಪೈಪಿನಲ್ಲಿ ಎಫ್‌ಪಿ 6 ಕೆಜಿಯಿಂದ ತುಂಬ್ತಾ ಇರುವುದರಿಂದ ಆ ಕಷ್ಟ ಕಡಿಮೆ.

ಗುಂತಕಲ್ ಎಎಲ್‌ಪಿ
ಎಲ್ಲರಿಗೂ ನಮಸ್ಕಾರ ಅಣ್ಣಂದಿರಾ, ಬರ್ಕೊಂಡೆ. ಕೊನೆಗೆ ಒಂದೇ. ಬ್ರೇಕ್ ವ್ಯಾನ್ ಇಲ್ಲದೆ ಹಿಂದೆ ಇಒಟಿಟಿ (ಎಂಡ್ ಆಫ್ ಟ್ರೈನ್ ಟೆಲಿಮೆಟ್ರಿ) ಡಬ್ಬಿ ಹಾಕಿದ ರೇಕಲ್ಲಿ ಈ ಹಿಂದಿನ ಟೆಸ್ಟ್ ಹೆಂಗೆ?

ಹೊಸೂರು ಟ್ರೈನ್ ಮ್ಯಾನೇಜರ್
ಆ ಯೂನಿಟ್ ಕೊನೆಯ ವ್ಯಾಗನ್ನಿನ ಬಿಪಿ ಹೋಸಿಗೆ ಸಿಕ್ಕಿಸ್ತಾರೆ, ಒತ್ತಡ ರೇಡಿಯೋ ಮೂಲಕ ಲೋಕೋ ಕ್ಯಾಬಿನ ಡಿಸ್‌ಪ್ಲೇಗೆ ಬರುತ್ತೆ. ಮುಂದಿನಿಂದ ಇಳಿಸಿ ಏರಿಸಿ ಆ ಅಂಕಿ ಜೊತೆಗೇ ಇಳಿಯುತ್ತಾ ಏರುತ್ತಾ ನೋಡಿ. ಶುರು ಮಾಡೋ ಮುಂಚೆ ಡಿಸ್‌ಪ್ಲೇಯಲ್ಲಿರೋ ಯೂನಿಟ್ ನಂಬರ್ ನಿಮ್ಮ ರೇಕಿನ ಡಬ್ಬಿ ಮೇಲಿರೋ ನಂಬರೇನಾ ಅಂತ ತಾಳೆ ನೋಡಿ. ಪಕ್ಕದ ಲೈನಿನಲ್ಲಿ ಇನ್ನೊಂದು ರೇಕ್ ನಿಂತಿರುತ್ತೆ.

ಆದೋನಿ ಗೂಡ್ಸ್ ಎಲ್‌ಪಿ
ಬ್ಯಾಟರಿ ಚಾರ್ಜೂ ನೋಡ್ಕೋ. ಕೊನೆ ವ್ಯಾಗನ್ನಿನ ಆ ಕಡೆ ಆಂಗಲ್ ಕಾಕ್ ತೆರೆದೈತಾ ಅಂತಾನೂ ನಡ್ಕೊಂಡು ಹೋಗಿ ನೋಡು. ಅದು ಮುಚ್ಚಿದ್ರೆ ಡಬ್ಬಿಗೆ ಗಾಳಿನೇ ಹೋಗಲ್ಲ, ನೀನು ಲೋಕೋದಲ್ಲಿ ಕೂತು ರೇಡಿಯೋನ ಬೈತಾ ಇರ್ತೀಯ.